ಹೊರಗೆ ಹೋಗುವ ನೀರಿಗೂ ಲೆಕ್ಕ ಬೇಕು

ನಮ್ಮ ಅಡಿಕೆ ಕೃಷಿಕರು ತೋಟಕ್ಕೆ ಬರುವ ನೀರಿನ ಲೆಕ್ಕವನ್ನು ಚೆನ್ನಾಗಿ ಬಲ್ಲರು. ಕೆರೆ ತೋಡಿಸಿದ ಖರ್ಚು, ಪಂಪಿನ ಬೆಲೆ, ಪೈಪಿನ ಬೆಲೆ ಎಲ್ಲವೂ ಅವರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಆದರೆ ತೋಟದಿಂದ ಹೊರಗೆ ಹೋಗುವ ನೀರಿಗೆ ಲೆಕ್ಕವಿಟ್ಟವರು ವಿರಳ.

ಅಡಿಕೆ ಮರ ಬರವನ್ನೂ ತಾಳದು, ನಿಂತ ನೀರನ್ನೂ ತಾಳದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 3,500 ಮಿ.ಮೀ. ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಉಜಿರುಕಣಿಯಲ್ಲಿ ಹೂಳು ತುಂಬಿದರೆ ಬೇರು ಕೊಳೆಯುತ್ತದೆ, ಅಣಬೆ ರೋಗಕ್ಕೆ ದಾರಿಯಾಗುತ್ತದೆ. ಬೇರಿನಿಂದ ಬೇರಿಗೆ ಹರಡುವ ಆ ರೋಗಕ್ಕೆ ಇವರ ತೋಟ, ಅವರ ತೋಟ ಎಂಬ ಭೇದವಿಲ್ಲ.

ಬೇಸಿಗೆಯ ಲೆಕ್ಕವನ್ನೂ ನೋಡೋಣ. ಎಕ್ರೆಗೆ 550 ಮರಗಳೆಂದು ಹಿಡಿಯಿರಿ. ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಹಾಯಿಸಿದರೆ ದಿನಕ್ಕೆ ಸುಮಾರು 24,000 ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಮರಕ್ಕೆ ದಿನವೊಂದಕ್ಕೆ 20 ಲೀಟರ್ ಕೊಟ್ಟರೆ 11,000 ಲೀಟರ್ ಸಾಕು. ಹೆಚ್ಚಿನ ನೀರು ಆವಿಯಾಗುತ್ತದೆ, ಇಲ್ಲವೇ ಇಂಗಿ ಕಣಿ ಸೇರುತ್ತದೆ. ಹಾಗೆ ಇಂಗುವಾಗ ನಾವು ಹಣ ಕೊಟ್ಟು ತಂದ ಸಾರಜನಕ, ಪೊಟಾಷುಗಳನ್ನೂ ಒಯ್ಯುತ್ತದೆ. ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟಾಷಿನ ಶಿಫಾರಸಿನಂತೆ ಎಕ್ರೆಗೆ 77 ಕಿಲೋ ಆಗುತ್ತದೆ. ಅದರಲ್ಲಿ ಕಾಲಂಶ ತೊಳೆದುಹೋದರೂ ಸಣ್ಣ ನಷ್ಟವಲ್ಲ.

ಹನಿ ನೀರಾವರಿ ಮಾಡಿದವರಿಗೂ ಮಳೆಗಾಲದ ಕಣಿ ತಪ್ಪಿದ್ದಲ್ಲ. ತಕರಾರು ಹುಟ್ಟುವುದು ಇಲ್ಲಿಯೇ. ಮೇಲಿನ ತೋಟದವರು ಎಷ್ಟು ಆಳು ಹಾಕಿ ಕಣಿ ತೆಗೆಸಿದರೂ ಕೆಳಗಿನವರು ತೆಗೆಸದಿದ್ದರೆ ನೀರು ಹಿಂದಕ್ಕೆ ಕಟ್ಟಿ ನಿಲ್ಲುತ್ತದೆ. "ನೀರು ನಿಮ್ಮದು, ಕೂಲಿ ಮಾತ್ರ ನಮ್ಮದೇ?" ಎಂದು ಕೆಳಗಿನವರು ಕೇಳುವುದರಲ್ಲಿಯೂ ನ್ಯಾಯವಿದೆ.

ಇದಕ್ಕೆ ಪರಿಹಾರ ನಮ್ಮ ಹಿರಿಯರ ರೂಢಿಯಲ್ಲಿಯೇ ಇದೆ. ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಕಟ್ಟುವಾಗ ನಾವು ಖರ್ಚನ್ನು ಹಂಚಿಕೊಳ್ಳುತ್ತೇವೆ. ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಕಟ್ಟುವ ಪದ್ಧತಿ ಉಳಿದು ಬಂದಿರುವುದು ಇಂಥ ಕೂಡುವಿಕೆಯಿಂದಲೇ. ನೀರು ನಿಲ್ಲಿಸಲು ಒಟ್ಟಾಗುವವರು ನೀರು ಬಿಡಲು ಏಕೆ ಒಟ್ಟಾಗಬಾರದು?

ಬೈಲಿನ ಮುಖ್ಯ ಕಣಿಯ ಕೂಲಿಯನ್ನು ಅವರವರ ಜಾಗದಲ್ಲಿರುವ ಕಣಿಯ ಉದ್ದ ನೋಡಿ ಹಂಚುವುದು ಸರಿಯಲ್ಲ. ಆ ಕಣಿಗೆ ನೀರು ಬಿಡುವ ಎಲ್ಲ ತೋಟಗಳ ಮರಗಳ ಸಂಖ್ಯೆ ನೋಡಿ ಹಂಚಬೇಕು. ಮೇ ತಿಂಗಳಲ್ಲಿ ಒಂದು ದಿನ ಎಲ್ಲರೂ ಕೂಡಿ ಕುಳಿತರೆ ಸಾಕು, ಇದು ತೀರ್ಮಾನವಾಗುವ ವಿಷಯ. ಕಣಿಯ ಹೂಳಿಗೆ ಹಾಕದ ಕೂಲಿಯನ್ನು ಮುಂದೆ ಸತ್ತ ಮರ ಕಡಿಸಲು ಹಾಕಬೇಕಾದೀತು.