ನಂಟೆಲ್ಲ ಕಾರಣವಲ್ಲ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ಕೋಶಗಳು ಸಾಯುವುದಕ್ಕೂ ಯಾವುದೋ ಜೀನಿನ ಚಟುವಟಿಕೆಗೂ ನಂಟಿದೆ ಎಂದು ಸಂಶೋಧಕರು ಹೇಳುತ್ತಾರೆ. ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ಆ ನಂಟು ಕಾರಣವಾಗಿಬಿಟ್ಟಿರುತ್ತದೆ: ‘ಕಾಯಿಲೆಯ ಜೀನ್ ಪತ್ತೆ!’ ನನ್ನ ತಕರಾರು ಈ ಅವಸರದ ಮೇಲೆ.

ಜೀನಿನ ಪರವಾಗಿ ಗಟ್ಟಿ ಸಾಕ್ಷ್ಯವೇ ಇದೆ. 1997ರಲ್ಲಿ, ಈ ಕಾಯಿಲೆಯಿದ್ದ, ಇಟಲಿಯ ಕಾಂತುರ್ಸಿ ಮೂಲದ ಕುಟುಂಬವೊಂದರಲ್ಲಿ, ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನಿನ ಜೀನಿನಲ್ಲಿ ತಪ್ಪು ಕಂಡಿತು. ಮನೆತನದಲ್ಲಿ ಬೇರೆ ಯಾರಿಗೂ ಕಾಯಿಲೆಯಿಲ್ಲದ ರೋಗಿಗಳ ಮಿದುಳಿನಲ್ಲೂ ಗಂಟುಗಟ್ಟಿದ್ದು ಅದೇ ಪ್ರೋಟೀನು ಎಂದು ಅದೇ ವರ್ಷ ಗೊತ್ತಾಯಿತು. 2003ರಲ್ಲಿ ಬೆಳಕಿಗೆ ಬಂದ, ಅಮೆರಿಕದ ಅಯೋವಾದ ಕುಟುಂಬವೊಂದರ ಕತೆ ಇನ್ನೂ ಸೋಜಿಗದ್ದು. ಅವರ ಜೀನಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಎರಡು ಪ್ರತಿ ಇರಬೇಕಾದಲ್ಲಿ ನಾಲ್ಕಿದ್ದವು. ಪ್ರೋಟೀನು ಸರಿಯಾಗಿಯೇ ಇತ್ತು, ಅತಿಯಾಗಿತ್ತು, ಅಷ್ಟೆ. ಆ ಅತಿಯೇ ಕೋಶಗಳನ್ನು ಕೊಂದಿತು. ಹಾಗಾಗಿ ಜೀನ್ ಇದೆಯೇ ಎಂಬುದಕ್ಕಿಂತ ಎಷ್ಟು ಕೆಲಸ ಮಾಡುತ್ತಿದೆ ಎಂಬುದೇ ದೊಡ್ಡ ಪ್ರಶ್ನೆ.

ಆದರೆ ಇಂಥ ಮನೆತನಗಳು ಬಹಳ ಅಪರೂಪ. ಉಳಿದ ರೋಗಿಗಳಲ್ಲಿ ಜೀನಿನ ಚಟುವಟಿಕೆಯನ್ನು ಅಳೆಯುವುದು ಹೆಚ್ಚಾಗಿ ಸತ್ತ ಮೇಲೆ, ದಾನವಾಗಿ ಬಂದ ಮಿದುಳಿನಲ್ಲಿ. ಈ ಕಾಯಿಲೆಯಲ್ಲಿ ಮುಖ್ಯವಾಗಿ ಸಾಯುವುದು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು; ಅವುಗಳಲ್ಲಿ ಬಹುಪಾಲು ಅಷ್ಟರಲ್ಲಿ ಹೋಗಿರುತ್ತವೆ, ಅಳೆಯುವುದು ಉಳಿದುಕೊಂಡವನ್ನು. ಅವುಗಳಲ್ಲಿ ಒಂದು ಜೀನ್ ಚುರುಕಾಗಿ ಕಂಡರೆ ಅದು ಕೊಲ್ಲುತ್ತಿತ್ತೋ, ಕಾಯುತ್ತಿತ್ತೋ, ಸಂಕಟಕ್ಕೆ ಸುಮ್ಮನೆ ಚಡಪಡಿಸುತ್ತಿತ್ತೋ? ಬೆಂಕಿ ಬಿದ್ದ ಮನೆಯ ಮುಂದೆ ಕೊಡ ಹಿಡಿದು ನಿಂತವರನ್ನೆಲ್ಲ ಕೊಳ್ಳಿಯಿಟ್ಟವರು ಎನ್ನಲಾದೀತೆ?

ಈ ಗೊಂದಲವನ್ನು ದಾಟುವ ದಾರಿಯೂ ಇದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕೋಶಗಳನ್ನು ಒಂದೊಂದಾಗಿ ನೋಡಿ, ಡೋಪಮೈನ್ ಕೋಶಗಳಲ್ಲಿ ಹತ್ತು ಬಗೆಗಳನ್ನು ಗುರುತಿಸಿತು. ಎಲ್ಲಕ್ಕಿಂತ ಹೆಚ್ಚು ನಾಶವಾಗಿದ್ದು ಎಜಿಟಿಆರ್1 ಜೀನ್ ಸಕ್ರಿಯವಾಗಿರುವ ಒಂದು ಬಗೆ. ಹುಟ್ಟಿನಿಂದಲೇ ಬರುವ ಅಪಾಯದ ಜೀನ್‌ಗಳು ಎದ್ದು ಕಂಡದ್ದೂ ಅದೇ ಬಗೆಯಲ್ಲಿ. ಹುಟ್ಟಿನಿಂದ ಬಂದದ್ದನ್ನು ಕಾಯಿಲೆ ತಂದಿಟ್ಟಿರಲಾರದು. ಹೀಗೆ ಎರಡು ಬೇರೆ ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಿಸಿದಾಗ ನಂಬುತ್ತೇನೆ.

ಜೀನ್ ಒಂದೇ ಕೊಲೆಗಾರನೂ ಅಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವರು ಕೆಲವೇ ದಿನಗಳಲ್ಲಿ ಮರಗಟ್ಟಿಹೋದರು. ಅದರಲ್ಲಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಅವೇ ಡೋಪಮೈನ್ ಕೋಶಗಳನ್ನು ಕೊಂದಿತ್ತು.

ಇನ್ನು ಮುಂದೆ ‘ಜೀನ್ ಪತ್ತೆ’ ಎಂಬ ಸುದ್ದಿ ಓದಿದಾಗ ಒಂದು ಮಾತು ಕೇಳಿ: ಆ ಜೀನನ್ನು ತಗ್ಗಿಸಿದಾಗ ಕೋಶ ಬದುಕಿತೇ? ಅದಕ್ಕೆ ಉತ್ತರವಿಲ್ಲದಿದ್ದರೆ ತಲೆಬರಹ ಅವಸರದ್ದು.