ಕಿವಿಯ ಮೇಲೋ, ಕಿವಿಯ ಒಳಗೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವಿದ್ಯಾರ್ಥಿಗಳಲ್ಲಿ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುವವರು ಬಹುಮಂದಿ. ಫೋನಿನಲ್ಲಿಯೇ ಪಾಠ ಕೇಳುವ ರೂಢಿಯಾದ ಮೇಲೆ, ಸಾವಿರವೋ ಸಾವಿರದೈನೂರೋ ರೂಪಾಯಿ ಕೂಡಿಸಿಕೊಂಡು ಅಂಗಡಿಗೆ ಹೋಗುವ ಇಂಥವರ ಮುಂದೆ ಎರಡು ಬಗೆಯ ತಂತಿರಹಿತ ಸಾಧನಗಳು ಬಂದು ನಿಲ್ಲುತ್ತವೆ. ಕಿವಿಯನ್ನು ಪೂರ್ತಿಯಾಗಿ ಮುಚ್ಚುವ ಹೆಡ್‌ಫೋನ್ ಒಂದು. ಕಿವಿಯ ರಂಧ್ರದಲ್ಲಿ ಕೂರುವ ಇಯರ್‌ಬಡ್ ಇನ್ನೊಂದು. ಒಂದನ್ನೇ ಕೊಳ್ಳಲು ಶಕ್ತಿಯುಳ್ಳ ವಿದ್ಯಾರ್ಥಿಯು ಹೆಡ್‌ಫೋನನ್ನೇ ಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯ. ಇಯರ್‌ಬಡ್ ಜೇಬಿನಲ್ಲಿ ಅಡಗುತ್ತದೆ, ನೋಡಲೂ ಚೆಂದ. ಆದರೆ ಈ ಎರಡು ಗುಣಗಳಿಂದ ವ್ಯಾಸಂಗಕ್ಕೆ ಆಗುವ ಉಪಕಾರವೇನೂ ಇಲ್ಲ.

ಇವೆರಡರ ಬ್ಲೂಟೂತ್‌ನಲ್ಲಿ ಏನೋ ದೊಡ್ಡ ಭೇದವಿದೆಯೆಂಬ ಭ್ರಮೆ ಕೆಲವರಿಗುಂಟು. ಎರಡೂ ಬಳಸುವುದು 2.4 ಗಿಗಾಹರ್ಟ್ಸ್ ಆಸುಪಾಸಿನ, ಸುಮಾರು 12 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗಳನ್ನೇ. ನಿಜವಾದ ಭೇದವಿರುವುದು ಬ್ಯಾಟರಿಯಲ್ಲಿ.

ಲಿಥಿಯಂ-ಅಯಾನ್ ಕೋಶವು ಚಿರಾಯುವಲ್ಲ. ಬರಿದಾಗಿ ಮತ್ತೆ ತುಂಬುವ ಪ್ರತಿಯೊಂದು ಆವರ್ತನದಲ್ಲಿಯೂ ಅದರ ಧಾರಣಶಕ್ತಿ ತುಸು ಕುಗ್ಗುತ್ತದೆ. ಮುನ್ನೂರು ಐನೂರು ಆವರ್ತನಗಳಾಗುವಷ್ಟರಲ್ಲಿ ಈ ಕುಗ್ಗು ಎದ್ದು ಕಾಣುತ್ತದೆ. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ದಿನಕ್ಕೆ 4 ಗಂಟೆ ಪಾಠ ಕೇಳುವ ವಿದ್ಯಾರ್ಥಿಯ ಇಯರ್‌ಬಡ್ ಒಮ್ಮೆ ತುಂಬಿದರೆ 5 ಗಂಟೆ ನಡೆಯುವುದೆಂದಿಟ್ಟುಕೊಂಡರೆ, ವರ್ಷಕ್ಕೆ 292 ಆವರ್ತನಗಳು ಸಲ್ಲುತ್ತವೆ. ಅದೇ ಬೆಲೆಯ ಹೆಡ್‌ಫೋನಿನೊಳಗೆ ದೊಡ್ಡ ಕೋಶಕ್ಕೆ ಎಡೆಯುಂಟು. ಅದು 40 ಗಂಟೆ ನಡೆದರೆ ವರ್ಷಕ್ಕೆ 36 ಆವರ್ತನಗಳಷ್ಟೆ. ಪಿ.ಯು.ಸಿ. ಮುಗಿಯುವ ಹೊತ್ತಿಗೆ ಒಂದು ಬಸವಳಿದಿರುತ್ತದೆ, ಇನ್ನೊಂದರಲ್ಲಿ ಇನ್ನೂ ಕಸುವಿರುತ್ತದೆ. ಇಯರ್‌ಬಡ್‌ನ ಕೋಶವನ್ನು ಬದಲಿಸೋಣವೆಂದರೆ, ಅಂಟು ಹಾಕಿ ಮುಚ್ಚಿದ ಆ ಪುಟ್ಟ ಡಬ್ಬಿಯನ್ನು ಒಡೆಯದೆ ತೆರೆಯುವುದೇ ಕಷ್ಟ. ಎರಡರಲ್ಲಿ ಒಂದು ಬಸ್ಸಿನ ಸೀಟಿನ ಸಂದಿಗೆ ಬಿದ್ದು ಹೋದರಂತೂ ಉಳಿದದ್ದು ಒಕ್ಕಣ್ಣಿನ ಕನ್ನಡಕವಿದ್ದಂತೆ.

ಇನ್ನು ಹಣಕ್ಕಿಂತ ಮಿಗಿಲಾದ ವಿಷಯಕ್ಕೆ ಬರೋಣ. ಶಂಖದಂತೆ ಸುರುಳಿಗೊಂಡ ನಮ್ಮ ಒಳಕಿವಿಯಲ್ಲಿ ಸುಮಾರು 15,000 ಸೂಕ್ಷ್ಮವಾದ ರೋಮಕೋಶಗಳಿವೆ. ಶಬ್ದದ ಕಂಪನವನ್ನು ನರಗಳಿಗೆ ಮುಟ್ಟಿಸುವುವು ಇವೇ. ಮನುಷ್ಯನಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಶಬ್ದವು 3 ಡೆಸಿಬೆಲ್ ಏರಿದರೆ ಅವಧಿಯು ಅರ್ಧಕ್ಕಿಳಿಯುತ್ತದೆ. ಎಂದರೆ 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಓಡುವ ಬಸ್ಸಿನೊಳಗಿನ ಗದ್ದಲವೇ 75-80 ಡೆಸಿಬೆಲ್ ತಲಪುವುದುಂಟು. ಅದನ್ನು ಮೀರಿ ಪಾಠ ಕೇಳಬೇಕೆಂದು ಧ್ವನಿಯನ್ನು ಏರಿಸುವವನು, ಪಾವಗಡದಿಂದ ಮಧುಗಿರಿಗೆ ದಿನವೂ ಓಡಾಡುವಷ್ಟರಲ್ಲಿಯೇ ವಾರದ ಪಡಿಯನ್ನು ಮುಗಿಸಿಬಿಡುತ್ತಾನೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿನಲ್ಲಿ ಕುಳಿತವನಿಗೆ ಅದೇ ಪಾಠ ಪಿಸುಮಾತಿನಷ್ಟಿದ್ದರೂ ಕೇಳೀತು.

ಇಲ್ಲಿ ಇಯರ್‌ಬಡ್‌ನ ಪರವಾಗಿ ಒಂದು ಮಾತನ್ನು ಒಪ್ಪಲೇಬೇಕು. ಸರಿಯಾದ ಅಳತೆಯ ಸಿಲಿಕೋನ್ ತುದಿಯುಳ್ಳದ್ದು ರಂಧ್ರವನ್ನು ಬಿರಡೆಯಂತೆ ಮುಚ್ಚಿ, ಅಗ್ಗದ ಹೆಡ್‌ಫೋನಿಗಿಂತ ಚೆನ್ನಾಗಿ ಗದ್ದಲವನ್ನು ತಡೆಯಬಲ್ಲದು. ಬರಿಯ ಗಟ್ಟಿ ಪ್ಲಾಸ್ಟಿಕ್ಕಿನದಕ್ಕೆ ಆ ಗುಣವಿಲ್ಲ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ‘ಇಎನ್‌ಸಿ’ ಎಂದು ಅಚ್ಚಾಗಿದ್ದರೆ ಮೋಸಹೋಗಬಾರದು; ಅದು ಫೋನಿನ ಆಚೆ ಬದಿಯವರಿಗೆ ನಮ್ಮ ಮಾತನ್ನು ಶುದ್ಧವಾಗಿ ಕೇಳಿಸುವ ಏರ್ಪಾಡೇ ಹೊರತು ನಮ್ಮ ಕಿವಿಗೆ ಬೀಳುವ ಗದ್ದಲವನ್ನು ಅಳಿಸುವುದಲ್ಲ. ಅದನ್ನು ಅಳಿಸುವುದಕ್ಕೆ ‘ಎಎನ್‌ಸಿ’ ಎಂದು ಹೆಸರು. ಗದ್ದಲಕ್ಕೆ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಇಂಜಿನ್ನಿನ ಗುಂಯ್‌ಗುಟ್ಟುವಿಕೆಯನ್ನು ತಗ್ಗಿಸುವ ಈ ವಿದ್ಯೆ ಅಗ್ಗದ ಸಾಧನಗಳಲ್ಲಿ ಅಷ್ಟಕ್ಕಷ್ಟೆ. ಆದುದರಿಂದ ಬಸ್ಸಿನಲ್ಲಿ ಎರಡನ್ನೂ ಚೀಲದಲ್ಲಿಡುವುದೇ ಲೇಸು. ಹೆದ್ದಾರಿಯ ಮೇಲಿರುವ ಶಿರಾದಲ್ಲಿ ಲಾರಿಗಳ ನಡುವೆ ರಸ್ತೆ ದಾಟುವಾಗ ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಹೆಡ್‌ಫೋನಿನ ಮೇಲಿನ ದೊಡ್ಡ ಆಕ್ಷೇಪಣೆ ಸೆಕೆಯದು. ಬಿಸಿಲನ್ನೇ ಬೆಳೆಯಾಗಿಸಿ 2,000 ಮೆಗಾವಾಟ್‌ಗೂ ಮಿಕ್ಕ ಸೌರ ವಿದ್ಯುದಾಗಾರವನ್ನು ಕಟ್ಟಿದ ಪಾವಗಡ ಸೀಮೆಯಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಕಿವಿಗೆ ಮೆತ್ತೆ ಕಟ್ಟಿಕೊಂಡು ಕೂರುವುದು ಸುಖವಲ್ಲ ನಿಜ. ಬೆವರಿಗೆ ಮೆತ್ತೆಯ ಕೃತಕ ಚರ್ಮ ಸುಲಿದುಬರುವುದೂ ನಿಜ. ಆದರೆ ಗಂಟೆಗೊಮ್ಮೆ ಅದನ್ನು ತೆಗೆದಿಡುವಂತೆ ಮಾಡುವ ಸೆಕೆಯು ಕಿವಿಗೆ ವಿಶ್ರಾಂತಿ ಕೊಡಿಸುವ ಮೇಷ್ಟರೂ ಹೌದಲ್ಲವೆ? ಇಯರ್‌ಬಡ್ಡಾದರೋ ಹಾಕಿಕೊಂಡದ್ದೇ ಮರೆತುಹೋಗುತ್ತದೆ. ಬಿಸಿಯು ಬ್ಯಾಟರಿಗೂ ವೈರಿಯಾದ್ದರಿಂದ, ಯಾವುದೇ ಆಗಲಿ, ತಗಡಿನ ಮಾಡಿನ ಕೆಳಗೆ ಕಿಟಕಿಯ ಬಿಸಿಲಿನಲ್ಲಿ ಬಿಟ್ಟುಹೋಗಕೂಡದು.

ಪಾಠ ಮುಗಿದ ಮೇಲೆಯೂ ಕಿವಿಯಲ್ಲಿ ಗುಂಯ್ ಎಂಬ ಸದ್ದು ನಿಲ್ಲದಿದ್ದರೆ ಕಿವಿಯ ವೈದ್ಯರಿಗೆ ತೋರಿಸಬೇಕು. ವಿಶೇಷ ಪರೀಕ್ಷೆ ಬೇಕಾದವರಿಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಂಗಡಿಗೆ ಹೋಗುವವರು ಕೇಳಬೇಕಾದುವು ಎರಡು ಪ್ರಶ್ನೆಗಳು: ಬ್ಯಾಟರಿ ಮುಗಿದಾಗ 3.5 ಮಿಲಿಮೀಟರ್ ತಂತಿ ಸಿಕ್ಕಿಸಿ ಕೇಳಬಹುದೆ? ಮೆತ್ತೆಗಳು ಬಿಡಿಯಾಗಿ ದೊರೆಯುತ್ತವೆಯೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ, ಇನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಬಹುದು.