ಒಂಬತ್ತನೇ ಕಾಲಮಿನಲ್ಲಿ ಯಾರ ಹೆಸರಿದೆ?



"ಮಗಳ ಪಾಲನ್ನು ವರದಕ್ಷಿಣೆಯಾಗಿ ಕೊಟ್ಟಾಯಿತಲ್ಲ, ಇನ್ನೆಂಥ ಹೊಲ?" ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಈ ಮಾತನ್ನು ಕೇಳದವರು ಯಾರಿದ್ದಾರೆ? ವರದಕ್ಷಿಣೆ ಗಂಡನ ಮನೆ ಸೇರುತ್ತದೆ, ಹೊಲ ಅಣ್ಣತಮ್ಮಂದಿರಲ್ಲಿ ಉಳಿಯುತ್ತದೆ, ಮಗಳ ಕೈಗೆ ಎರಡೂ ಬರುವುದಿಲ್ಲ. ಹೊಡೆತ ತಿಂದು ತವರಿಗೆ ಬಂದವಳನ್ನು ನಾಲ್ಕೇ ದಿನದಲ್ಲಿ "ಹೊಂದಿಕೊಂಡು ಹೋಗು" ಎಂದು ಹಿಂದಕ್ಕೆ ಕಳಿಸುವ ಧೈರ್ಯ ಬರುವುದೂ, ಆ ಮನೆಯಲ್ಲಿ ಅವಳನ್ನು ಪಾಲುದಾರಳೆಂದು ಯಾರೂ ಎಣಿಸದ್ದರಿಂದಲೇ.

ಕಾನೂನು ಬೇರೆಯೇ ಹೇಳುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ಪಾಲನ್ನು ಮಾತ್ರ ಕೆದಕುವಂತಿಲ್ಲ.

ಹಕ್ಕಿದ್ದರೂ ಅದು ಹೊಲದ ಕಾಗದದಲ್ಲಿ ಕಾಣಬೇಕಲ್ಲ! ಆ ಕಾಗದವೇ ಪಹಣಿ. ಹಿಂದೆ ಅದು ಗ್ರಾಮಲೆಕ್ಕಿಗರ ಕಟ್ಟಿನಲ್ಲಿರುತ್ತಿತ್ತು. ಹೆಣ್ಣುಮಗಳೊಬ್ಬಳು ಕೇಳಿ ನೋಡುವುದು ಎಲ್ಲಿಯ ಮಾತು? 2002ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಈಗ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರು ಗೊತ್ತಿದ್ದರೆ ಮೊಬೈಲಿನಲ್ಲೇ ನೋಡಬಹುದು.

ನೋಡುವವರು ಯಾರು? ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಚಾಲುಕ್ಯರ ಕಾಲದ ಶಾಸನಗಳಿವೆ. ಭೂಮಿ ದತ್ತಿಯನ್ನು ಎಲ್ಲರೆದುರು ಕಲ್ಲಿನಲ್ಲಿ ಬರೆಸಿದ್ದಾರೆ, ಆದರೂ ನಮ್ಮಲ್ಲಿ ಎಷ್ಟು ಜನ ಅವನ್ನು ಓದಬಲ್ಲೆವು? ಪಹಣಿಯೂ ಹಾಗೇ ಆಗಿದೆ. ಅದನ್ನು ಓದಬಲ್ಲವರು ಮೊದಲೇ ಬಲ್ಲಿದರು. ಬೆಂಗಳೂರಿನ ಸುತ್ತ 'ಭೂಮಿ'ಯ ಲಾಭ ದೊಡ್ಡ ಭೂ ವ್ಯವಹಾರದವರಿಗೇ ಹೆಚ್ಚು ಸಿಕ್ಕಿತೆಂದು 2007ರಲ್ಲೇ ಸಂಶೋಧಕರು ಎಚ್ಚರಿಸಿದ್ದರು. ಹೆಣ್ಣಿನ ತಂದೆಗೆ ಎಷ್ಟು ಎಕರೆ ಇದೆಯೆಂದು ಬೀಗರೂ ಅದರಲ್ಲೇ ನೋಡಿ ವರದಕ್ಷಿಣೆಯ ಲೆಕ್ಕ ಹಾಕಬಹುದು. ಅವರು ನೋಡಬಹುದಾದರೆ ಆ ಹೊಲದ ಮಗಳು ಯಾಕೆ ನೋಡಬಾರದು?

ಇನ್ನೊಂದು ಮಾತು. ಪಹಣಿಯಲ್ಲಿ ಹೆಸರು ಬಿಟ್ಟುಹೋಗುವುದು ಪಹಣಿಯಲ್ಲೇ ಅಲ್ಲ, ಅದಕ್ಕೂ ಮುಂಚೆ, ವಂಶವೃಕ್ಷ ಬರೆಸುವಾಗ. ತಂದೆ ತೀರಿಕೊಂಡ ಮೇಲೆ ಗಂಡುಮಕ್ಕಳ ಹೆಸರಷ್ಟೇ ಬರೆಸಿ ಪೌತಿ ಖಾತೆ ಮಾಡಿಸಿದರೆ ಕಂಪ್ಯೂಟರು ಅದನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಹೆಣ್ಣುಮಕ್ಕಳಿದ್ದಾರೆಯೇ ಎಂದು ವಿಚಾರಿಸದೆ, ಅವರಿಗೆ ತಿಳಿಸದೆ ಖಾತೆ ಬದಲಿಸಕೂಡದು ಎಂಬ ಬೇಡಿಕೆಯನ್ನು ನಮ್ಮ ಸಂಘಗಳು ಗ್ರಾಮಸಭೆಯಲ್ಲಿ ಇಡಬೇಕೆಂದು ನನ್ನ ಅಭಿಪ್ರಾಯ.

ಮುಂದಿನ ವಾರ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಉಳಿಸಿಕೊಳ್ಳಿ. ತಂತಮ್ಮ ತವರಿನ ಸರ್ವೆ ನಂಬರು ತನ್ನಿ. ಓದು ಬಲ್ಲ ಹುಡುಗಿಯೊಬ್ಬಳು ಮೊಬೈಲು ಹಿಡಿಯಲಿ. 9ನೇ ಕಾಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತಿತರ ಹೊರೆ. ನಿಮಗೆ ಗೊತ್ತಿಲ್ಲದೆ ಖಾತೆ ಬದಲಾಗಿದ್ದರೆ, ಆ ಕಡತದ ಪ್ರತಿ ಕೇಳಿ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ಅಣ್ಣನ ಮೇಲಿನ ಪ್ರೀತಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ಹಾಕಿ, ಬೇಡವೆನ್ನಲು ನಾನು ಯಾರು? ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವ ಮುಂಚೆ ಅದರಲ್ಲಿ ಯಾವ ಯಾವ ಸರ್ವೆ ನಂಬರು ಬರೆದಿದೆ ಎಂದು ಸಂಘದಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿಕೊಳ್ಳಿ.